ಮೊದಲು ವಿಚಾರಣೆ ಮೇಜು, ಆಮೇಲೆ ವಿಮಾನ

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಕುಣಿಗಲ್ ರಸ್ತೆಗೋ, ಶಿರಾಕ್ಕೋ, ಇಲ್ಲಾ ಕನಕಪುರದವರು ಎಳ್ಕೊಂಡು ಹೋಗ್ತಾರೋ ಅನ್ನೋ ಕಥೆ ತುಮಕೂರಿನ ಟೀ ಅಂಗಡಿಗಳಿಗೆಲ್ಲ ಬಾಯಿಪಾಠ. ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ ಮೈಸೂರು, ಹಾಸನ ಬಿಟ್ಟರೆ 150 ಕಿ.ಮೀ. ಫಾಸಲೆಯೊಳಗೆ 2033ರ ತನಕ ಇನ್ನೊಂದು ಬೇಡ ಅಂತಿದೆ. ಒಳ್ಳೆಯದೇ ಆಯಿತು, ತಯಾರಿಗೆ ಟೈಮ್ ಸಿಕ್ಕಿತು. ರನ್‌ವೇಗೆ ಜಮೀನಿಲ್ಲದಿದ್ದರೂ ‘ವಿಚಾರಣೆ’ ಅಂತ ಬೋರ್ಡ್ ಹಾಕಿ ವಿಚಾರಿಸಿದವರ ಮೇಲೆ ರೇಗುವ ಕಲೆಯಲ್ಲಿ ನಮ್ಮ ಬಸ್ ಸ್ಟ್ಯಾಂಡುಗಳು ಎಂದೋ ಅಂತರರಾಷ್ಟ್ರೀಯ ಮಟ್ಟ ಮುಟ್ಟಿವೆ. ಹಾಗಾಗಿ ಮೇಜನ್ನಾದರೂ ಈಗಲೇ ಹಾಕಿಬಿಡೋಣ.

ಶಿವಮೊಗ್ಗದವರು ದಾರಿ ತೋರಿಸಿದ್ದಾರೆ. 3,200 ಮೀಟರ್ ರನ್‌ವೇ, ತಾವರೆ ಆಕಾರದ ಟರ್ಮಿನಲ್, 2023ರ ಫೆಬ್ರುವರಿ 27ಕ್ಕೆ ಭರ್ಜರಿ ಉದ್ಘಾಟನೆ. ಪ್ರಯಾಣಿಕರನ್ನು ಹೊತ್ತ ಮೊದಲ ವಿಮಾನ ಇಳಿದದ್ದು ಆಗಸ್ಟ್ 31ಕ್ಕೆ. ನಡುವಿನ ಆರು ತಿಂಗಳು ಅಲ್ಲಿ ವಿಚಾರಿಸಲು ಇದ್ದದ್ದು ಒಂದೇ ಪ್ರಶ್ನೆ.

ಮೇಜು ಎಲ್ಲಿಡಬೇಕು ಅನ್ನುವುದರಲ್ಲಿ ಗೊಂದಲ ಬೇಡ, ಟರ್ಮಿನಲ್ ಒಳಗೇ ಇಡಬೇಕು. ಬಾಗಿಲಲ್ಲಿ ಬಂದೂಕು ಹಿಡಿದ ಸಿಬ್ಬಂದಿ ಟಿಕೆಟ್ಟು, ಆಧಾರ್ ನೋಡದೆ ಯಾರನ್ನೂ ಬಿಡುವುದಿಲ್ಲ. ಮಗಳು ಬರುವ ವಿಮಾನ ಹೊರಟಿತಾ ಅಂತ ಕೇಳಲು ಬಂದ ಅಜ್ಜಿಯ ಹತ್ತಿರ ಟಿಕೆಟ್ಟೆಲ್ಲಿರುತ್ತೆ? ಹೊರಗೇ ನಿಂತು ಬಂದೂಕಿನವರನ್ನೇ ಕೇಳುತ್ತಾಳೆ. ಪಾಪ, ಅವರೇ ಎಷ್ಟೋ ಸಲ ಸರಿಯಾಗಿ ಹೇಳುತ್ತಾರೆ.

ಇನ್ನು ಸಮಯ. ದಿನಕ್ಕೆರಡು ಮೂರು ವಿಮಾನ ಬರುವ ಕಡೆ ಮೇಜಿಗೆ ಜನ ಬರುವುದೂ ವಿಮಾನದ ಹೊತ್ತಿಗೇ. ವಿಮಾನ ಸರಿಯಾಗಿ ಬಂದಾಗ ಯಾರಿಗೂ ಏನೂ ಕೇಳುವುದಿರುವುದಿಲ್ಲ. ಬಾರದಿದ್ದಾಗ ನೂರು ಜನಕ್ಕೂ ಕೇಳುವುದಿರುತ್ತೆ, ಮೇಜಿನ ಹಿಂದೆ ಕುರ್ಚಿ ಮಾತ್ರ ಇರುತ್ತೆ.

ಬಾರದಿರುವುದಕ್ಕೆ ಕಾರಣ ದೊಡ್ಡ ರಹಸ್ಯವೇನಲ್ಲ. ಐಎಲ್‌ಎಸ್ ಅನ್ನುವ ಯಂತ್ರ ಇದ್ದರೆ ರೇಡಿಯೊ ಸಂಕೇತ ಹಿಡಿದು ಮಂಜಿನಲ್ಲೂ ಒಂದು ಮಟ್ಟದವರೆಗೆ ಇಳಿಯಬಹುದು. ಅದಿಲ್ಲದ ಸಣ್ಣ ನಿಲ್ದಾಣದಲ್ಲಿ, ಪೈಲಟ್ ಕಣ್ಣಳತೆಯಲ್ಲೇ ಇಳಿಯಬೇಕಾದಾಗ, 5,000 ಮೀಟರ್ ದೂರ ಕಾಣಬೇಕು ಅನ್ನುವುದು ನಿಯಮ. ಮಾಗಿಯ ಬೆಳಿಗ್ಗೆ ಏಳಕ್ಕೆ ನಮ್ಮ ಬಯಲಲ್ಲಿ ಐನೂರು ಮೀಟರ್ ಆಚೆಯ ತೆಂಗಿನ ತೋಟ ಕಾಣದಿದ್ದರೆ ವಿಮಾನ ಮೇಲೇ ಸುತ್ತು ಹಾಕಿ ಬೆಂಗಳೂರಿಗೆ ವಾಪಸ್ ಹೋಗುತ್ತೆ. ತೋಟಕ್ಕೆ ನೀರು ಬಿಡಲು ಎದ್ದವನು ಆಕಾಶ ನೋಡಿಯೇ ಇದನ್ನು ಹೇಳಿಯಾನು. ಎಷ್ಟು ದೂರ ಕಾಣುತ್ತಿದೆ ಅನ್ನುವುದು ವಿಮಾನಗಳಿಗೆ ಇಳಿಯಲು, ಏರಲು ಅಪ್ಪಣೆ ಕೊಡುವ ಎಟಿಸಿಗೆ ಗೊತ್ತು, ವಿಮಾನ ಹೊರಟಿತೋ ಇಲ್ಲವೋ ಅನ್ನುವುದು ಏರ್‌ಲೈನ್ ಕೌಂಟರಿಗೆ ಗೊತ್ತು. ನಡುವಿನ ಮೇಜಿನಿಂದ ಬರುವುದು ಮಾತ್ರ ‘ತಾಂತ್ರಿಕ ಕಾರಣ ಸಾರ್’. ಮಂಜು ಯಾವಾಗಿನಿಂದ ತಾಂತ್ರಿಕವಾಯಿತೋ! ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ಮೀರಿ ತಡವಾದರೆ ತಿಂಡಿ ಕೊಡಬೇಕು, ರದ್ದಾದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ ವಾಪಸ್ ಕೊಡಬೇಕು ಅನ್ನುವ ನಿಯಮವನ್ನೂ ಮೇಜು ಹೇಳುವುದಿಲ್ಲ. ಏರ್‌ಲೈನ್ ಕೌಂಟರಿನ ಮುಂದೆ ನಿಂತು ಕೇಳಿದವನಿಗಷ್ಟೇ ಉಪ್ಪಿಟ್ಟು.

ಬ್ಯಾಗ್ ಬರಲಿಲ್ಲವೆಂದು ಮೇಜಿಗೆ ಹೋದರೆ ಕೆಟ್ಟಿರಿ. ಬ್ಯಾಗ್ ಬರುವ ಬೆಲ್ಟಿನ ಕೋಣೆಯಿಂದ ಹೊರಬಿದ್ದ ಮೇಲೆ ಮತ್ತೆ ಒಳಗೆ ಬಿಡುವುದಿಲ್ಲ. ಅಲ್ಲೇ ಏರ್‌ಲೈನಿನವರನ್ನು ಹಿಡಿದು ಪಿಐಆರ್ ಅನ್ನುವ ಬ್ಯಾಗ್ ದೂರಿನ ಫಾರಂ ಬರೆಸಿ, ಬ್ಯಾಗಿನ ಟ್ಯಾಗ್ ಚೀಟಿ ತೋರಿಸಿ, ಹತ್ತು ಅಕ್ಷರ-ಅಂಕಿಯ ದೂರು ಸಂಖ್ಯೆ ಇಸ್ಕೊಂಡೇ ಹೊರಗೆ ಕಾಲಿಡಬೇಕು. ಒಡೆದಿದ್ದರೆ ಏಳು ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಇಷ್ಟನ್ನು ಬೆಲ್ಟಿನ ಪಕ್ಕದ ಗೋಡೆಗೆ ಬರೆಸಿದರೆ ಸಾಕಿತ್ತು. ಆ ಗೋಡೆಯಲ್ಲಿ ಸ್ವಾಗತ ಕೋರುವ ಕೈಮುಗಿದ ಫೋಟೊ ಇರುತ್ತೆ.

ದಾರಿ ಕೇಳಿದರೆ ನಾಡಿನ ಎಲ್ಲ ವಿಚಾರಣೆಗಳದ್ದೂ ಒಂದೇ ಉತ್ತರ: ‘ಮೆಜೆಸ್ಟಿಕ್‌ಗೆ ಹೋಗಿ’. ಹವಾ ತಿಳಿಯಾಗಿದ್ದರೆ ದೇವನಹಳ್ಳಿಯಿಂದ ನಂದಿಬೆಟ್ಟ ಕಣ್ಣಿಗೇ ಕಾಣುತ್ತೆ, ಆದರೂ ಚಿಕ್ಕಬಳ್ಳಾಪುರದವನು ಬೆಟ್ಟಕ್ಕೆ ಬೆನ್ನು ಹಾಕಿ ಮೆಜೆಸ್ಟಿಕ್ ದರ್ಶನ ಮಾಡಿಕೊಂಡೇ ಮನೆ ಸೇರಬೇಕು. ಸೂಲಿಬೆಲೆ, ಹೊಸಕೋಟೆ ಮೇಲೆ ಕೋಲಾರಕ್ಕೆ ಹೋಗಬಹುದು, ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ತುಮಕೂರಿಗೆ ಹೋಗಬಹುದು ಅಂತ ಕನ್ನಡದಲ್ಲಿ ಹೇಳುವವರು ಒಬ್ಬರಿದ್ದರೆ ಮೆಜೆಸ್ಟಿಕ್ಕಿನ ಆದಾಯಕ್ಕೆ ಕುತ್ತು ಬಂದೀತು. ಹಂಗಾಗಿ ಬೇಡ ಬಿಡಿ.

ತಮಾಷೆ ಸಾಕು. ಟೆಂಡರಿನಲ್ಲಿ ಮೇಜಿನ ಗ್ರಾನೈಟ್ ಎಷ್ಟು ಮಿಲಿಮೀಟರ್ ದಪ್ಪ ಅಂತ ಬರೆಯಲು ಬರುವವರಿಗೆ, ಅದರ ಹಿಂದೆ ಕೂರುವ ಹುಡುಗಿಗೆ ಯಾರು, ಎಷ್ಟು ಹೊತ್ತಿಗೊಮ್ಮೆ, ಏನು ತಿಳಿಸಬೇಕು ಅಂತ ಒಂದು ಸಾಲು ಬರೆಯಲು ಏನು ರೋಗ? ಆಕೆ ಗುತ್ತಿಗೆ ನೌಕರಳು. ಫೋನ್ ಕೊಟ್ಟಿರುವುದಿಲ್ಲ, ಕೊಟ್ಟರೆ ಆ ಕಡೆ ಎತ್ತುವವರಿರುವುದಿಲ್ಲ. ಬೈಗುಳ ಮಾತ್ರ ಎಲ್ಲರದ್ದೂ ಆಕೆಗೇ. ಅದಕ್ಕೆಂದೇ ಕೂರಿಸಿದ್ದು ಅಂತ ಕಾಣುತ್ತೆ.

ಬೇಕಿರುವುದು ಒಂದು ಹಾಳೆ. ಮೊದಲ ಮತ್ತು ಕೊನೆ ಬಸ್ಸಿನ ಹೊತ್ತು, ಊರಿಗೆ ಟ್ಯಾಕ್ಸಿ ರೇಟು, ಏರ್‌ಲೈನ್ ಡ್ಯೂಟಿ ಮ್ಯಾನೇಜರ್ ನಂಬರು, ಗಾಲಿಕುರ್ಚಿ ಬೇಕಿದ್ದರೆ 48 ಗಂಟೆ ಮುಂಚೆ ಏರ್‌ಲೈನಿಗೆ ಹೇಳಬೇಕೆಂಬ ಮಾತು, ಇಷ್ಟನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಬಾಗಿಲ ಹೊರಗೆ ಅಂಟಿಸಿ, ದಿನಾ ಬೆಳಿಗ್ಗೆ ತಿದ್ದಬೇಕು. ಗಮ್ ಟೇಪಿಗೆ ಅನುದಾನವಿಲ್ಲ ಅಂದರೆ ತುಮಕೂರಿನವರೇ ಚಂದಾ ಎತ್ತಿ ಕೊಡಿಸುತ್ತೇವೆ.