ತಿರಸ್ಕರಿಸಿದರೂ ಸರಿ, ಉತ್ತರ ಕೊಡಿ

ಇಂಗ್ಲೆಂಡಿನಲ್ಲಿ ನಾನು ವಾಸವಾಗಿರುವ ಸಣ್ಣ ಪಟ್ಟಣದ ಕೌನ್ಸಿಲ್ಲು ಈಚೆಗೆ ನನ್ನ ಆಕ್ಷೇಪಣೆಯೊಂದನ್ನು ತಳ್ಳಿಹಾಕಿತು. ಸಿಟ್ಟು ಬರಬೇಕಿತ್ತು, ಬಂದದ್ದು ಸಂತೋಷ. ನಮ್ಮ ಬೀದಿಯ ಅಂಚಿನಲ್ಲಿರುವ ಹುಲ್ಲುಗಾವಲಿನಲ್ಲಿ ಮನೆಗಳಿಗೆ ಅವಕಾಶ ಕೊಡುವ ಪ್ರಸ್ತಾವ, ಎಲ್ಲಿ ಏನು ಕಟ್ಟಬಹುದೆಂದು ಗೊತ್ತುಪಡಿಸುವ ಕೌನ್ಸಿಲ್ಲಿನ ಕರಡು ಯೋಜನೆಯಲ್ಲಿತ್ತು. ಆ ಬಯಲಿನ ತಗ್ಗಿನಲ್ಲಿ ಚಳಿಗಾಲವಿಡೀ ನೀರು ನಿಲ್ಲುತ್ತದೆ, ಮಕ್ಕಳು ಶಾಲೆಗೆ ಹೋಗುವ ಕಾಲುದಾರಿ ಕೆಸರಾಗುತ್ತದೆ, ಅಲ್ಲಿ ಕಟ್ಟಡ ಎದ್ದರೆ ಆ ನೀರೆಲ್ಲ ನಮ್ಮ ಬೀದಿಗೇ ಬರುತ್ತದೆ ಎಂದು ನಾಲ್ಕು ಸಾಲು ಬರೆದು ಕಳುಹಿಸಿ ಮರೆತುಬಿಟ್ಟಿದ್ದೆ. ಎಷ್ಟೋ ತಿಂಗಳ ಮೇಲೆ ಕೌನ್ಸಿಲ್ಲು ಪ್ರಕಟಿಸಿದ ಉದ್ದನೆಯ ಪಟ್ಟಿಯೊಂದರಲ್ಲಿ ನನ್ನ ಹೆಸರು ಸಿಕ್ಕಿತು. ಒಂದು ಅಂಕಣದಲ್ಲಿ ನಾನು ಹೇಳಿದ್ದರ ಸಾರಾಂಶವಿತ್ತು. ಅದರ ಪಕ್ಕದಲ್ಲಿ, ನೀರು ನಿಲ್ಲುವ ಭಾಗವನ್ನು ಬಯಲಾಗಿಯೇ ಉಳಿಸಬೇಕೆಂಬ ಷರತ್ತು ಯೋಜನೆಯ ಇಂತಿಂಥ ಕಂಡಿಕೆಯಲ್ಲಿ ಈಗಾಗಲೇ ಇದೆ ಎಂಬ ಉತ್ತರವಿತ್ತು. ಕೊನೆಯ ಅಂಕಣದಲ್ಲಿ ‘ಬದಲಾವಣೆ ಇಲ್ಲ’ ಎಂದು ಬರೆದಿತ್ತು. ನನ್ನ ಹೆಸರನ್ನು ಅಪಭ್ರಂಶ ಮಾಡಿದ್ದರು. ನನ್ನ ವಾದವನ್ನು ಹಾಗೆ ಮಾಡಿರಲಿಲ್ಲ.

ದಾವಣಗೆರೆಯಲ್ಲಿರುವ ನನ್ನ ದೊಡ್ಡಪ್ಪನಿಗೆ ಈ ಭಾಗ್ಯ ಸಿಕ್ಕಿಲ್ಲ. ಊರ ಹೊರವಲಯದಲ್ಲಿ, ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಅವರಿಗೆ ಒಂದಿಷ್ಟು ಗದ್ದೆಯಿದೆ. ಹಿಂದೊಮ್ಮೆ ಪ್ರಕಟವಾದ, ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ನಕ್ಷೆಯಲ್ಲಿ ಅಗಲವಾದ ರಸ್ತೆಯೊಂದು ಆ ಗದ್ದೆಯ ಬದುವಿನ ಮೇಲೆಯೇ ಹಾದುಹೋಗಿತ್ತು. ದೊಡ್ಡಪ್ಪ ರಸ್ತೆ ಬೇಡ ಎನ್ನಲಿಲ್ಲ. ಬದುವಿನ ಪಕ್ಕದ ಹೊಲಗಾಲುವೆ ಮುಚ್ಚಿಹೋದರೆ ತಮಗಿಂತ ಕೆಳಗಿನ ರೈತರಿಗೆ ನೀರು ಹೋಗುವುದಿಲ್ಲ, ಆದ್ದರಿಂದ ರಸ್ತೆಯ ಅಡಿಯಲ್ಲಿ ಮೋರಿ ಬಿಡುತ್ತೀರೋ ಅಥವಾ ಕಾಲುವೆಯನ್ನು ಪಕ್ಕಕ್ಕೆ ಸರಿಸುತ್ತೀರೋ ಎಂದು ಕೇಳಿದರು, ಅಷ್ಟೆ. ಭದ್ರಾ ಬಲದಂಡೆಯ ಕೊನೆಭಾಗಕ್ಕೆ ನೀರು ತಲುಪಿಸುವುದು ಎಂಥ ಗಲಾಟೆಯ ವಿಷಯವೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪಹಣಿಯ ಜೆರಾಕ್ಸು, ಕೈಯಲ್ಲಿ ಬರೆದ ಚಕ್ಕುಬಂದಿ, ಸರ್ವೆ ನಂಬರಿನ ಸುತ್ತ ಕೆಂಪು ಶಾಯಿಯ ಗೆರೆ ಎಳೆದ ನಕಲು ನಕ್ಷೆ, ಎಲ್ಲವನ್ನೂ ಲಗತ್ತಿಸಿ ಸಂಬಂಧಪಟ್ಟ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟರು. ಗುಮಾಸ್ತರು ಎರಡನೆಯ ಪ್ರತಿಯ ಮೇಲೆ ದುಂಡು ಮೊಹರು ಒತ್ತಿ, ದಿನಾಂಕ ಹಾಕಿ ಮರಳಿಸಿದರು. ಆ ಪ್ರತಿ ಇಂದಿಗೂ ಪ್ಲಾಸ್ಟಿಕ್ ಕವರಿನಲ್ಲಿ, ಬೀರುವಿನೊಳಗೆ, ದೊಡ್ಡಮ್ಮನ ರೇಷ್ಮೆ ಸೀರೆಗಳ ಕೆಳಗೆ ಭದ್ರವಾಗಿದೆ. ಅವರ ಪಾಲಿಗೆ ದಕ್ಕಿದ್ದು ಆ ಮೊಹರು ಒಂದೇ. ಉತ್ತರ ಏನಾದರೂ ಬಂತೇ ದೊಡ್ಡಪ್ಪ ಎಂದು ಫೋನಿನಲ್ಲಿ ಕೇಳಿದರೆ, “ಉತ್ತರ ಬರಲ್ಲ ಬಿಡಪ್ಪಾ, ಬಂದ್ರೆ ಸೀದಾ ರಸ್ತೆನೇ ಬರ್ತತಿ” ಎಂದರು.

ನಮ್ಮಲ್ಲಿ ಜನರನ್ನು ಕೇಳುವುದೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಪ್ರಕರಣದ ಪ್ರಕಾರ, ಸರ್ಕಾರದ ತಾತ್ಕಾಲಿಕ ಅನುಮೋದನೆ ದೊರೆತ ಮಹಾಯೋಜನೆಯನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನ ಕಾಯಬೇಕು. ಲಿಖಿತವಾಗಿ ಬಂದದ್ದನ್ನು ಯೋಜನಾ ಪ್ರಾಧಿಕಾರ ಪರಿಗಣಿಸಿ, ಬೇಕಾದ ಮಾರ್ಪಾಡುಗಳ ಶಿಫಾರಸಿನೊಂದಿಗೆ ಮತ್ತೆ ಸರ್ಕಾರಕ್ಕೆ ಕಳುಹಿಸಬೇಕು. ಹತ್ತು ವರ್ಷಕ್ಕೊಮ್ಮೆಯಾದರೂ ಯೋಜನೆಯನ್ನು ಪರಿಷ್ಕರಿಸಬೇಕು. ನಡುವೆ ಯಾವುದಾದರೂ ಜಮೀನಿನ ಬಳಕೆಯ ಉದ್ದೇಶ ಬದಲಿಸುವುದಿದ್ದರೆ 14-ಎ ಪ್ರಕರಣದ ಅಡಿ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಇಲ್ಲಿನ ಕೌನ್ಸಿಲ್ಲು ಅನುಸರಿಸಿದ, ಇಂಗ್ಲೆಂಡಿನ 2012ರ ಸ್ಥಳೀಯ ಯೋಜನಾ ನಿಯಮಗಳಲ್ಲಿ ಅಂತಿಮ ಕರಡಿನ ಮೇಲೆ ಅಹವಾಲು ಸಲ್ಲಿಸಲು ಇರುವ ಕನಿಷ್ಠ ಅವಧಿ ಆರು ವಾರ. ದಿನಗಳ ಲೆಕ್ಕದಲ್ಲಿ ನಮ್ಮ ಕಾಯ್ದೆಯೇ ಧಾರಾಳಿ.

ವ್ಯತ್ಯಾಸವಿರುವುದು ಕೇಳಿದ ಮೇಲೆ ನಡೆಯುವುದರಲ್ಲಿ. ನಮ್ಮ ಕಾಯ್ದೆಯಲ್ಲಿ ಪ್ರಾಧಿಕಾರ ‘ಪರಿಗಣಿಸಬೇಕು’ ಎಂದಿದೆ, ಆದರೆ ಆ ಪರಿಗಣನೆ ಯಾವ ಮೇಜಿನ ಮೇಲೆ, ಯಾವ ಕಾರಣದಿಂದ, ಏನಾಗಿ ಮುಗಿಯಿತು ಎಂಬುದು ಬರೆದವನಿಗೆ ತಿಳಿಸಬೇಕೆಂದು ಅದರಲ್ಲಿ ಇಲ್ಲ. ಇಲ್ಲಿ ಯೋಜನೆಯನ್ನು ಮುಂದಕ್ಕೆ ಕಳುಹಿಸುವಾಗ ಯಾರನ್ನು ಕೇಳಿದೆವು, ಅವರು ಎತ್ತಿದ ಮುಖ್ಯ ಅಂಶಗಳು ಯಾವುವು, ಅವುಗಳನ್ನು ಹೇಗೆ ಗಣನೆಗೆ ತೆಗೆದುಕೊಂಡೆವು ಎಂಬ ಹೇಳಿಕೆಯನ್ನೂ ಜೊತೆಗಿಡುವುದು ಕಡ್ಡಾಯ. ನಿಯಮ ಕೇಳುವುದು ಮುಖ್ಯ ಅಂಶಗಳ ಸಾರವನ್ನಷ್ಟೇ ಆದರೂ, ಅನೇಕ ಕೌನ್ಸಿಲ್ಲುಗಳು ಒಂದೊಂದು ಅಹವಾಲಿನ ಮುಂದೆಯೂ ಉತ್ತರ ಬರೆಯುತ್ತವೆ. ಆ ಉತ್ತರಗಳಲ್ಲಿ ಜಾಣ್ಮೆಯ ಜಾರಿಕೆಗಳು ಇರುತ್ತವೆ, ಯಾಂತ್ರಿಕ ವಾಕ್ಯಗಳು ಪುಟಗಟ್ಟಲೆ ಇರುತ್ತವೆ. ಆದರೂ ಬರೆದದ್ದು ಬರೆದದ್ದೇ, ನಾಳೆ ಅದನ್ನು ಹಿಡಿದು ಪ್ರಶ್ನಿಸಬಹುದು.

ಅದಕ್ಕಿಂತ ಮಿಗಿಲಾದ ವಿಷಯವೆಂದರೆ, ತಾನು ಬರೆದ ಯೋಜನೆಗೆ ತಾನೇ ಅಂತಿಮ ಮುದ್ರೆ ಒತ್ತಿಕೊಳ್ಳುವ ಹಾಗೆ ಇಲ್ಲಿನ ಕೌನ್ಸಿಲ್ಲಿಗೆ ಇಲ್ಲ. ಹೊರಗಿನಿಂದ ನೇಮಕವಾದ ಯೋಜನಾ ಇನ್‌ಸ್ಪೆಕ್ಟರೊಬ್ಬರು ಬಂದು ಅದನ್ನು ಪರೀಕ್ಷಿಸುತ್ತಾರೆ. ಯೋಜನೆಯಲ್ಲಿ ಬದಲಾವಣೆ ಕೋರಿ ಅಹವಾಲು ಸಲ್ಲಿಸಿದವನು ಬಯಸಿದರೆ ಅವರ ಮುಂದೆ ಖುದ್ದಾಗಿ ಮಾತಾಡುವ ಹಕ್ಕು ಇಲ್ಲಿನ 2004ರ ಯೋಜನಾ ಕಾಯ್ದೆಯಲ್ಲೇ ಇದೆ. ಅಂಥದೊಂದು ವಿಚಾರಣೆಯನ್ನು ನಾನು ಹಿಂದಿನ ಸಾಲಿನಲ್ಲಿ ಕುಳಿತು ನೋಡಿದೆ. ಮೇಜುಗಳನ್ನು ಚೌಕಾಕಾರವಾಗಿ ಜೋಡಿಸಿದ್ದರು. ಒಂದು ಬದಿಯಲ್ಲಿ ಕೌನ್ಸಿಲ್ಲಿನ ಅಧಿಕಾರಿಗಳು, ಇನ್ನೊಂದು ಬದಿಯಲ್ಲಿ ಮನೆ ಕಟ್ಟುವ ಕಂಪನಿಯ ವಕೀಲರು. ಆ ವಕೀಲರ ಪಕ್ಕದ ಕುರ್ಚಿಯಲ್ಲೇ, ಅವರಿಗಿದ್ದಂಥದೇ ಹೆಸರಿನ ಫಲಕ ಮುಂದಿಟ್ಟುಕೊಂಡು, ಉಣ್ಣೆಯ ಅಂಗಿ ತೊಟ್ಟ ಮುದುಕರೊಬ್ಬರು ಕುಳಿತಿದ್ದರು. ಅವರು ತಂದಿದ್ದು ಮಳೆ ಸುರಿದಾಗ ತೆಗೆದ ಒಂದಷ್ಟು ಫೋಟೋಗಳನ್ನು. ಅವರ ಮಾತು ತಡವರಿಸಿದಾಗ ಇನ್‌ಸ್ಪೆಕ್ಟರು ಕಾದರು. ಅವರು ಮುಗಿಸಿದ ಮೇಲೆ, ಈ ಅಂಶಕ್ಕೆ ನಿಮ್ಮ ಉತ್ತರವೇನು ಎಂದು ಕೌನ್ಸಿಲ್ಲಿನ ಕಡೆ ತಿರುಗಿದರು. ಅಧಿಕಾರಿಗಳು ಕಡತ ಹುಡುಕಿದರು. ಆ ಕುರ್ಚಿಯಲ್ಲಿ ದೊಡ್ಡಪ್ಪನನ್ನು ಕೂರಿಸಿ ನೋಡುವ ಆಸೆ ನನಗೆ ಆಗಲೇ ಹುಟ್ಟಿತು. ಕಾಲುವೆಯ ವಿಷಯದಲ್ಲಿ ಅವರ ಎದುರು ಯಾವ ವಕೀಲರೂ ನಿಲ್ಲಲಾರರು.

ದಾವಣಗೆರೆಯಲ್ಲಿ ಯೋಜನೆಯ ಚರ್ಚೆ ನಡೆಯುವುದಿಲ್ಲವೇ? ಧಾರಾಳವಾಗಿ ನಡೆಯುತ್ತದೆ. ಪಿ.ಬಿ. ರಸ್ತೆಯ ಟೀ ಅಂಗಡಿಗಳಲ್ಲಿ, ಮದುವೆ ಮಂಟಪದ ಊಟದ ಪಂಕ್ತಿಯಲ್ಲಿ, ಸಂಜೆ ಮಂಡಕ್ಕಿ-ಮಿರ್ಚಿಯ ಮುಂದೆ, ಯಾವ ಸರ್ವೆ ನಂಬರು ಹಳದಿ ವಲಯಕ್ಕೆ, ಅಂದರೆ ವಸತಿ ವಲಯಕ್ಕೆ, ಬೀಳುತ್ತದೆ, ವರ್ತುಲ ರಸ್ತೆ ಎಲ್ಲಿ ತಿರುಗುತ್ತದೆ ಎಂಬುದೇ ಮಾತು. ನಕ್ಷೆ ಅಧಿಕೃತವಾಗಿ ಹೊರಬೀಳುವ ಮೊದಲೇ ‘ಸಿಡಿಪಿ (ಮಹಾಯೋಜನೆಗೆ ಜನ ಬಳಸುವ ಹೆಸರು) ಪ್ರಕಾರ ಯೆಲ್ಲೋ ಝೋನ್’ ಎಂದು ಭರವಸೆಯಿಂದ ಹೇಳುವ ದಲ್ಲಾಳಿಗಳನ್ನು ನಾನೇ ಕಂಡಿದ್ದೇನೆ, ಅವರ ಮಾತು ನಿಜವಾಗಿದ್ದನ್ನೂ ಕಂಡಿದ್ದೇನೆ. ಜಮೀನಿನ ಮಾಲೀಕರು ಲಾಭ ಬಯಸುವುದು ಎಲ್ಲ ದೇಶದಲ್ಲೂ ಒಂದೇ. ಆದರೆ ಇಲ್ಲಿ ಯೋಜನೆಯ ಆರಂಭದಲ್ಲೇ, ನಿಮ್ಮ ಜಮೀನನ್ನು ಅಭಿವೃದ್ಧಿಗೆ ಕೊಡುವ ಇಚ್ಛೆಯಿದ್ದರೆ ತಿಳಿಸಿ ಎಂದು ಕೌನ್ಸಿಲ್ಲು ಬಹಿರಂಗವಾಗಿ ಕರೆ ಕೊಡುತ್ತದೆ. ಯಾವ್ಯಾವ ಜಾಗಗಳು ಹಾಗೆ ಬಂದವು, ಯಾವುದನ್ನು ಆರಿಸಿದರು, ಯಾವುದನ್ನು ಏಕೆ ಬಿಟ್ಟರು ಎಂಬುದು ನಕ್ಷೆಸಹಿತ ಪ್ರಕಟವಾಗುತ್ತದೆ. ಬಯಕೆ ಒಂದೇ ಆದರೂ ಇಲ್ಲಿ ಅದಕ್ಕೊಂದು ಅರ್ಜಿ, ಒಂದು ಕ್ರಮಸಂಖ್ಯೆ ಇದೆ. ನಮ್ಮಲ್ಲಿ ಪಿಸುಮಾತು ಇದೆ.

ನಮ್ಮವರು ಆಕ್ಷೇಪಣೆ ಬರೆಯುವುದರಲ್ಲಿ ಹಿಂದೆ ಬಿದ್ದವರೂ ಅಲ್ಲ. ಬೆಂಗಳೂರಿನ 2031ರ ಪರಿಷ್ಕೃತ ಮಹಾಯೋಜನೆಯ ಕರಡು 2017ರ ನವೆಂಬರಿನಲ್ಲಿ ಪ್ರಕಟವಾದಾಗ ಸಾವಿರಾರು ಆಕ್ಷೇಪಣೆಗಳು ಬಂದವು. ಕೊನೆಗೆ 2020ರಲ್ಲಿ ಸರ್ಕಾರ ಆ ಕರಡನ್ನೇ ಹಿಂಪಡೆಯಿತು. ಜನ ಶ್ರಮಪಟ್ಟು ಬರೆದ ಅಷ್ಟೂ ಕಾಗದ ಅದರೊಂದಿಗೇ ಕಪಾಟು ಸೇರಿತು. ರಾಜಧಾನಿಯ ಪಾಡೇ ಹೀಗಿರುವಾಗ ದಾವಣಗೆರೆಯ ಹೊಲಗಾಲುವೆಯನ್ನು ಯಾರು ಕೇಳುತ್ತಾರೆ ಎಂದು ಕೈಚೆಲ್ಲುವುದು ಸುಲಭ. ಆದರೆ ನಾನು ಕೇಳುತ್ತಿರುವ ಸಣ್ಣ ಸಂಗತಿಗೆ ಹೊಸ ಕಾನೂನೇನೂ ಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣದಲ್ಲಿಯೇ, ಆಡಳಿತಾತ್ಮಕ ನಿರ್ಧಾರಗಳಿಗೆ ಕಾರಣಗಳನ್ನು ಬಾಧಿತ ವ್ಯಕ್ತಿಗಳಿಗೆ ಒದಗಿಸಬೇಕು ಎಂದಿದೆ. ಅರ್ಜಿ ಹಾಕಿದವರಿಗೆ ಮಾತ್ರ ಎಂದು ಅಲ್ಲಿ ಹೇಳಿಲ್ಲ, ತಾನಾಗಿಯೇ ಒದಗಿಸಬೇಕು. ಬಂದ ಆಕ್ಷೇಪಣೆಗಳನ್ನು ಸರ್ವೆ ನಂಬರಿನ ಪ್ರಕಾರ ಜೋಡಿಸಿ, ಪ್ರತಿಯೊಂದರ ಮುಂದೆ ಒಪ್ಪಲಾಗಿದೆ ಅಥವಾ ಇಂಥ ಕಾರಣಕ್ಕೆ ಒಪ್ಪಲಾಗಿಲ್ಲ ಎಂದು ಕನ್ನಡದಲ್ಲಿ ಒಂದು ಸಾಲು ಬರೆದು, ಆ ಪಟ್ಟಿಯನ್ನು ಕಚೇರಿಯ ಸೂಚನಾ ಫಲಕದಲ್ಲೂ ಗ್ರಾಮ ಪಂಚಾಯಿತಿಗಳಲ್ಲೂ ಹಾಕಿದರೆ ಸಾಕು. ಜಮೀನಿನ ಖಾತೆಗೆ, ಪೋಡಿಗೆ, ಪಿಂಚಣಿಗೆ ಹಿಂಬರಹ ಕೊಡುವ ಸಿಬ್ಬಂದಿಗೆ ಇದು ಗೊತ್ತಿಲ್ಲದ ಕೆಲಸವಲ್ಲ.

ಸಿಬ್ಬಂದಿ ಸಾಲದು, ಕಡತಗಳ ರಾಶಿ ಬಿದ್ದಿದೆ ಎಂಬ ಸಮಜಾಯಿಷಿಯನ್ನು ನಾನು ಬಲ್ಲೆ. ಅದು ಸುಳ್ಳೂ ಅಲ್ಲ. ಆದರೆ ಉತ್ತರ ಬರೆಯಬೇಕಾದ ಅಧಿಕಾರಿ ಒಮ್ಮೆಯಾದರೂ ಆ ಆಕ್ಷೇಪಣೆಯನ್ನು ಓದಲೇಬೇಕಾಗುತ್ತದೆ ಎಂಬುದೇ ಈ ಪದ್ಧತಿಯ ನಿಜವಾದ ಪ್ರಯೋಜನ. ಓದಿದವನಿಗೆ, ನಕ್ಷೆಯ ಮೇಲೆ ಗೆರೆ ಎಳೆದ ಎಂಜಿನಿಯರಿಗೆ ಕಾಣದೆ ಹೋದ ಹೊಲಗಾಲುವೆ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಇಲ್ಲಿನ ಹುಳುಕನ್ನೂ ಹೇಳಬೇಕು, ಹೇಳಲು ಅಷ್ಟೇನೂ ಮನಸ್ಸಿಲ್ಲದಿದ್ದರೂ. ಕರಡು ಯೋಜನೆ ನೂರಾರು ಪುಟಗಳ ದಸ್ತಾವೇಜು, ಜೊತೆಗೆ ಅದಕ್ಕಿಂತ ದಪ್ಪನಾದ ಸಾಕ್ಷ್ಯಗಳ ಕಟ್ಟು. ಹಳ್ಳಿಯ ಸಭಾಭವನದಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ ಬಂದವರಲ್ಲಿ ಹೆಚ್ಚಿನವರು ನರೆಗೂದಲಿನವರು, ಸ್ವಂತ ಮನೆ ಉಳ್ಳವರು, ಮತ್ತು ತಮ್ಮ ಕಿಟಕಿಯಿಂದ ಕಾಣುವ ಹಸಿರು ಹಾಗೇ ಇರಲಿ ಎನ್ನುವವರು. ಆ ಮನೆಗಳು ಯಾರಿಗೆ ಬೇಕೋ ಅವರು ಬಂದಿರಲಿಲ್ಲ. ಅವರು ಆ ಹೊತ್ತಿನಲ್ಲಿ ಬಾಡಿಗೆ ಕಟ್ಟಲು ದುಡಿಯುತ್ತಿದ್ದರು. ಇಂಗ್ಲೆಂಡಿನಲ್ಲಿ ವರ್ಷಕ್ಕೆ 3 ಲಕ್ಷ ಮನೆ ಕಟ್ಟಬೇಕೆಂದು ಸರ್ಕಾರ 2017ರಲ್ಲೇ ಹೇಳಿತ್ತು, ಆ ಸಂಖ್ಯೆಯನ್ನು ಇನ್ನೂ ಮುಟ್ಟಿಲ್ಲ. ಕೇಳುವುದರಲ್ಲೇ ವರ್ಷಗಳು ಕಳೆದು, ಯೋಜನೆ ಅಂಗೀಕಾರವಾಗುವ ಹೊತ್ತಿಗೆ ಅದರ ಅಂಕಿಅಂಶ ಹಳತಾಗಿರುವುದೂ ಉಂಟು. ನನ್ನದೇ ಆಕ್ಷೇಪಣೆಯೂ, ಬಿಚ್ಚಿ ನೋಡಿದರೆ, ಇನ್ನೊಬ್ಬರ ಮನೆಗೆ ಅಡ್ಡ ಹಾಕಿದ ಕಾಲೇ.

ದೊಡ್ಡಪ್ಪನ ಮಗ, ನನಗಿಂತ ಚಿಕ್ಕವನು, ಶಾಲಾ ಮೇಷ್ಟ್ರು. ಹಿಂದೆ ಗದ್ದೆಯಾಗಿದ್ದ ಬಡಾವಣೆಯೊಂದರಲ್ಲಿ ಅವನು ಮೂವತ್ತು-ನಲವತ್ತರ ಸೈಟು ಕೊಂಡು ಮನೆ ಕಟ್ಟಿಸಿಕೊಂಡಿದ್ದಾನೆ. ಆ ಗದ್ದೆಯನ್ನು ಬಡಾವಣೆ ಮಾಡುವಾಗ ಯಾರನ್ನು ಎಷ್ಟು ಕೇಳಿದ್ದರೋ ದೇವರೇ ಬಲ್ಲ. ಗೃಹಪ್ರವೇಶಕ್ಕೆ ನಾನು ಹೋಗಿದ್ದೆ. ಚರಂಡಿ ಇನ್ನೂ ಆಗಿರಲಿಲ್ಲ, ಮನೆ ಆಗಿತ್ತು. ಇಲ್ಲಿ ನನ್ನ ಮಗಳ ಶಾಲೆಯ ಶಿಕ್ಷಕಿ ಅದೇ ವಯಸ್ಸಿನಲ್ಲಿ ಇಬ್ಬರು ಗೆಳತಿಯರೊಂದಿಗೆ ಬಾಡಿಗೆ ಮನೆ ಹಂಚಿಕೊಂಡಿದ್ದಾರೆ. ನಾನು ಅಂಕಣಗಳ ಪಟ್ಟಿಯನ್ನು ಹೊಗಳಿದಾಗ ತಮ್ಮ ಹೇಳಿದ್ದು ಇಷ್ಟೇ: “ಅಣ್ಣಾ, ನಿಮ್ ಕಡೆ ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಾರೆ, ಸರಿ. ಸೈಟ್ ಕೊಡ್ತಾರಾ?” ಅದೂ ಅಲ್ಲದೆ, ಕುಡಿಯುವ ನೀರು ಬಾರದಿದ್ದರೆ ಬೆಳಿಗ್ಗೆ ಏಳು ಗಂಟೆಗೆ ವಾರ್ಡಿನ ಸದಸ್ಯರ ಮನೆಯ ಜಗಲಿಯಲ್ಲಿ ಹೋಗಿ ಕೂರುವ ಸಲಿಗೆ ಅವನಿಗಿದೆ. ನನಗೆ ಇಲ್ಲಿ ನನ್ನ ಕೌನ್ಸಿಲರ ಮುಖ ಚುನಾವಣೆಯ ಕರಪತ್ರದಲ್ಲಿ ಕಂಡದ್ದಷ್ಟೇ ಪರಿಚಯ.

ಅವನ ಪ್ರಶ್ನೆಗೆ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ಅವನ ಅಪ್ಪನ ಪ್ರಶ್ನೆಗೆ ಮಾತ್ರ ಉತ್ತರ ಬಹಳ ಸುಲಭ. ಮೋರಿ ಬಿಡುತ್ತೇವೆ, ಅಥವಾ ಬಿಡುವುದಿಲ್ಲ. ಎರಡರಲ್ಲಿ ಯಾವುದನ್ನು ಬರೆದುಕೊಟ್ಟರೂ ಅವರು ಮುಂದಿನ ಹೆಜ್ಜೆ ಇಡುತ್ತಿದ್ದರು: ನೀರಾವರಿ ಇಲಾಖೆಯ ಎಂಜಿನಿಯರನ್ನು ಕಾಣುತ್ತಿದ್ದರು, ಕೆಳಗಿನ ರೈತರನ್ನು ಸೇರಿಸುತ್ತಿದ್ದರು, ಬೇಕಾದರೆ ನ್ಯಾಯಾಲಯಕ್ಕೂ ಹೋಗುತ್ತಿದ್ದರು. ಈಗ ಅವರ ಕೈಯಲ್ಲಿರುವುದು ಮೊಹರು ಬಿದ್ದ ನಕಲು ಮಾತ್ರ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕಡತದ ಟಿಪ್ಪಣಿ ಹಾಳೆ ಕೇಳಿ ಎಂದು ಕಳೆದ ವಾರ ಅರ್ಜಿಯ ಒಕ್ಕಣೆ ಬರೆದು ಕಳುಹಿಸಿದ್ದೇನೆ. ಮೂವತ್ತು ದಿನದ ಗಡುವು ಇದೆ ಎಂದೆ. ನೋಡೋಣ ಎಂದರು, ಗೊಬ್ಬರದಂಗಡಿಗೆ ಹೋಗುವ ಆತುರದಲ್ಲಿದ್ದರು.