ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಇದೆಯಾ?

"ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಇದೆ, ನೀರಿಗೆ ಹಾಕಿದರೆ ತೇಲುತ್ತೆ" ಅನ್ನೋ ವಿಡಿಯೋ ವಾಟ್ಸಾಪ್‌ನಲ್ಲಿ ಹರಿದಾಡುತ್ತದೆ. ಇದು ಸುಳ್ಳು.

ತೇಲುವ ಆ ಕಾಳು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಸೇರಿಸಿ, ಯಂತ್ರದಲ್ಲಿ ಮತ್ತೆ ಕಾಳಿನ ಆಕಾರಕ್ಕೆ ತರುತ್ತಾರೆ. ಮಾಮೂಲಿ ಅಕ್ಕಿಯ ನೂರು ಕಾಳಿಗೆ ಒಂದರಂತೆ ಇದನ್ನು ಬೆರೆಸಿರುತ್ತಾರೆ. ಹಿಟ್ಟಿನಿಂದ ಮಾಡಿದ್ದಲ್ವಾ, ಬಣ್ಣ ಸ್ವಲ್ಪ ಬೇರೆ, ಹಗುರ ಕೂಡ.

ಸಿಂಧನೂರು, ಮಾನ್ವಿ ಕಡೆ ಭತ್ತ ಬೆಳೆಯೋ ಜನರಿಗೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತೆ, ಅನುಮಾನ ಸಹಜ. ಆದರೆ ಮೊರದಲ್ಲಿ ಆ ಕಾಳನ್ನೇ ಆರಿಸಿ ಎಸೆಯೋದು ನೋಡಿದರೆ ಸಂಕಟವಾಗುತ್ತದೆ. ರಕ್ತಹೀನತೆ ತಗ್ಗಲಿ ಅಂತಲೇ ಅದನ್ನು ಹಾಕಿರುವುದು. ಹೆದರಿ ರೇಷನ್ ಅಕ್ಕಿ ಬಿಟ್ಟರೆ ಕೂಲಿಯ ದುಡ್ಡು ಸುಮ್ನೆ ಅಂಗಡಿ ಅಕ್ಕಿಗೆ ಹೋಗುತ್ತದೆ. ತೇಲುವ ಕಾಳನ್ನು ಚೆಲ್ಲದೆ ಹಾಗೇ ಬೇಯಿಸಿ, ಅನ್ನದ ಜೊತೆ ಬೇಯುತ್ತದೆ.