ನಕುಲನಿಗೆ ಬಿದ್ದ ಹಾರ

ಮೈಸೂರಿನಲ್ಲಿ ನಾನು ಮಹಾ ಪ್ರೇಕ್ಷಕ. ರಂಗಾಯಣದಲ್ಲಿ ನಾಟಕ ಅಂದರೆ ಅಲ್ಲಿನ ಭೂಮಿಗೀತ ರಂಗಮಂದಿರದ ಒಳಗೆ ಹೋಗಿ, ಗಲ್ಲಕ್ಕೆ ಕೈ ಕೊಟ್ಟು ಕೂರುತ್ತೇನೆ. ಬಿ.ವಿ. ಕಾರಂತರು 1989ರಲ್ಲಿ ರಂಗಾಯಣ ಕಟ್ಟಿದ್ದೇ ನನ್ನ ಅಭಿಪ್ರಾಯ ಕೇಳೋಕೆ ಅನ್ನೋ ಹಾಗೆ, ಆಮೇಲೆ ಹೊರಗೆ ಟೀ ಕುಡಿಯುತ್ತಾ "ಎರಡನೇ ಅರ್ಧ ಸ್ವಲ್ಪ ಎಳೀತು, ಅಲ್ವಾ?" ಅನ್ನುತ್ತೇನೆ. ಈ ಮಾತು ನೋಡದ ನಾಟಕಕ್ಕೂ ಹೊಂದುತ್ತದೆ.

ಇಂಥ ನನ್ನನ್ನು ಮಂಡ್ಯ ಕಡೆಯ ನಮ್ಮೂರಿನವರು ಕಲಾವಿದನನ್ನಾಗಿ ಮಾಡಿಬಿಟ್ಟರು. ಹಬ್ಬಕ್ಕೆ ಕುರುಕ್ಷೇತ್ರ ನಾಟಕ. ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಇಲ್ಲಿ ನೋಡುವವರಿಗೆ ಟಿಕೆಟ್ ಇಲ್ಲ, ಪಾರ್ಟು ಮಾಡುವವನಿಗೆ ಇದೆ. ಪಾರ್ಟಿಗೆ ತಕ್ಕ ದುಡ್ಡು. ದುರ್ಯೋಧನ, ಕೃಷ್ಣ ದುಬಾರಿ. ಆ ದುಡ್ಡಿನಲ್ಲೇ ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಡ್ರೆಸ್ಸು, ಮೈಕ್ ಸೆಟ್ಟು, ದ್ರೌಪದಿ ಎಲ್ಲ ಬರಬೇಕು. ಗಿರಾಕಿ ಜಾಸ್ತಿಯಾದರೆ ಒಬ್ಬ ಕೃಷ್ಣನನ್ನು ಮೂವರಿಗೆ ಹಂಚುತ್ತಾರೆ. ನಮ್ಮಲ್ಲಿ ಒಂದನೇ ಕೃಷ್ಣ ಕಡ್ಡಿ. ಎರಡನೆಯವನಿಗೆ ಹೊಟ್ಟೆ. ಮೂರನೆಯವನು ಕನ್ನಡಕ ತೆಗೆಯೋದನ್ನೇ ಮರೆತು ಬಂದ. ಜನ ಸೊಲ್ಲೆತ್ತಲಿಲ್ಲ. ಇದೇ ಭೂಮಿಗೀತದಲ್ಲಾಗಿದ್ದರೆ ನಾನು 'ಪ್ರಯೋಗ' ಅಂತ ಹೊಗಳಿಬಿಡುತ್ತಿದ್ದೆ.

ನನ್ನ ಜೇಬಿಗೆ ಎಟುಕಿದ್ದು ನಕುಲ. ಎರಡು ಮಾತು, ಹಾಡೋಕೆ ಒಂದು ಕಂದಪದ್ಯ, ಅಷ್ಟೇ. "ಪಾಂಡವರಲ್ಲಿ ಅವನೇ ಸುಂದರ ಸಾರ್" ಅಂತ ಮೇಷ್ಟ್ರು ಸಮಾಧಾನ ಮಾಡಿದರು. ಮೂರು ತಿಂಗಳು ಪ್ರತಿ ಶನಿವಾರ ಬಸ್ಸು ಹತ್ತಿ ಪ್ರಾಕ್ಟೀಸಿಗೆ ಹೋದೆ. ದ್ರೌಪದಿ ಮಾತ್ರ ಪ್ರಾಕ್ಟೀಸಿಗೆ ಬರಲೇ ಇಲ್ಲ. ನಾಟಕದ ದಿನ ಸಂಜೆ ಬಂದು, ಬಣ್ಣ ಹಚ್ಚಿಕೊಂಡು ಕೂತರು. ಆ ರಾತ್ರಿ ದುಡ್ಡು ಕೊಡದೆ ತೆಗೆದುಕೊಂಡು ಪಾರ್ಟು ಮಾಡಿದವರು ಅವರೊಬ್ಬರೇ. ಕೆಲಸ ಗೊತ್ತಿದ್ದದ್ದೂ ಅವರೊಬ್ಬರಿಗೇ.

ಶಾಮಿಯಾನದಲ್ಲಿ ಮುಂದಿನ ಚಾಪೆಯ ಮೇಲೆ ನಮ್ಮೂರಿನ ತಾತ ಒಬ್ಬರು ಕೂತಿದ್ದರು. ಪ್ರಾಯದಲ್ಲಿ ಭೀಮ ಮಾಡುತ್ತಿದ್ದವರು. ಇಡೀ ನಾಟಕ ಬಾಯಲ್ಲೇ ಇದೆ. ಯಾರು ಮಾತು ಶುರು ಮಾಡಿದರೂ ಅವರ ತುಟಿ ಒಂದು ಗಳಿಗೆ ಮೊದಲೇ ಅಲ್ಲಾಡುತ್ತಿತ್ತು. ಧರ್ಮರಾಯ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಅಭಿಪ್ರಾಯ ಕೇಳುತ್ತಾ ನನ್ನ ಕಡೆ ತಿರುಗಿದ. ನಾನು ಎದೆ ಸೆಟೆಸಿ ಬಾಯಿ ತೆರೆದೆ.

ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರ ಆಡುವಾಗ ನಿಜವಾದ ಆನೆ, ಕುದುರೆಯನ್ನೇ ರಂಗಕ್ಕೆ ತಂದಿತ್ತು. ನಮ್ಮ ರಂಗಕ್ಕೆ ನನ್ನ ಸೋದರಮಾವ ಬಂದರು.

ಕೈಯಲ್ಲಿ ಸುಗಂಧರಾಜದ ಹಾರ, ಮೊಣಕಾಲಿನವರೆಗೆ. ಹಾಕುವಾಗ ಅದು ನನ್ನ ಕಿರೀಟಕ್ಕೆ ಸಿಕ್ಕಿಕೊಂಡಿತು. ಮಾವ ಬಿಡಿಸೋಕೆ ಜಗ್ಗಿದರು. ಕಿರೀಟದ ಜೊತೆ ಕಟ್ಟುಗೂದಲಿನ ಟೋಪನ್ನೂ ಎಳೆದರು. ಬೋಳಾದ ನಕುಲನ ಹೆಗಲ ಮೇಲೆ ಕೈ ಹಾಕಿ ಫೋಟೋಗೆ ನಿಂತರು. ಟಿ. ನರಸೀಪುರದ ಚೌಡಯ್ಯನವರು ಮೈಕಿಲ್ಲದ ಕಾಲದಲ್ಲಿ ಹಿಂದೆ ಕೂತವರಿಗೂ ಕೇಳಲಿ ಅಂತ ಪಿಟೀಲಿಗೆ ಏಳು ತಂತಿ ಕಟ್ಟಿಕೊಂಡರು. ನಮಗೆ ಆ ಕಷ್ಟ ಇರಲಿಲ್ಲ. ತಲೆಯ ಮೇಲೆ ಮೂರು ಮೈಕು ನೇತಾಡುತ್ತಿದ್ದವು. ಹಾಗಾಗಿ ನಾನು ಪಿಸುಗುಟ್ಟಿದ "ಮಾವ, ಟೋಪನ್ ಕೊಡಿ, ಮಾನ ಹೋಯ್ತದೆ" ಅನ್ನೋದು ಪಕ್ಕದೂರಿಗೂ ಕೇಳಿಸಿತು.

ಆಮೇಲೆ ಚಿಕ್ಕಪ್ಪ. ಆಮೇಲೆ ಭಾವಮೈದ, ಅವನ ಗೆಳೆಯರು, ನಮ್ಮ ಹಾಲಿನ ಡೈರಿಯವರು. ಒಟ್ಟು ಹನ್ನೊಂದು ಹಾರ. ಧರ್ಮರಾಯ ನಿಂತು ನಿಂತು ಸಾಕಾಗಿ ಒಳಗೆ ಬೀಡಿ ಸೇದೋಕೆ ಹೋದ. ಭೀಮ ಗದೆ ಊರಿಕೊಂಡು ತೂಕಡಿಸುತ್ತಿದ್ದ. ಎಲ್ಲರೂ ಇಳಿದು ಹೋಗುವ ಹೊತ್ತಿಗೆ ನನ್ನ ಎರಡು ಮಾತೂ ಅವರ ಹಿಂದೆಯೇ ಇಳಿದು ಹೋಗಿದ್ದವು. ಮೇಷ್ಟ್ರು ಶ್ರುತಿ ಹಿಡಿದೇ ಕೂತರು. ನಾನು ಮೈಕು ನೋಡಿದೆ. ಮೈಕು ನನ್ನನ್ನು ನೋಡಿತು.

"ಅಗ್ರಜಾ ಅನ್ಲಾ ಮಗ, ಅಗ್ರಜಾ!" ಕೆಳಗಿಂದ ತಾತ ಕೂಗಿದರು.

"ಅಗ್ರಜಾ!" ಅಂದೆ. ಮುಂದಿನದಕ್ಕೆ ತಾತನ ತುಟಿಯನ್ನೇ ನೋಡಿದೆ. ಅವರಿಗೆ ಹಲ್ಲಿಲ್ಲ. ತುಟಿ ನೋಡಿ ಏನು ಗೊತ್ತಾಗುತ್ತೆ? ಕೊನೆಗೆ ತಾಳ್ಮೆ ಕೆಟ್ಟು ಅವರೇ ಚಾಪೆಯ ಮೇಲೆ ಎದ್ದು ನಿಂತು ಕಂದ ಎತ್ತಿಕೊಂಡರು. ಆ ವಯಸ್ಸಿನಲ್ಲಿ ಆ ಗಂಟಲು! ಮೇಷ್ಟ್ರು ಮುಖ ಅರಳಿಸಿ ಹಾರ್ಮೋನಿಯಂ ಸಮೇತ ಆ ಕಡೆ ತಿರುಗಿಬಿಟ್ಟರು. ಮುಗಿಯುತ್ತಲೇ ಶಾಮಿಯಾನವೆಲ್ಲ "ವನ್ಸ್ ಮೋರ್!" ಯಾರೋ ಒಂದು ಮೈಕು ಬಿಚ್ಚಿ ತಾತನ ಕೈಗೆ ಕೊಟ್ಟರು. ನಾನು ಹನ್ನೊಂದು ಹಾರದೊಳಗೆ ನಿಂತು, ದುಡ್ಡು ಕೊಟ್ಟು ಕೊಂಡ ಜಾಗದಿಂದ ಅವರ ಹಾಡು ಕೇಳಿದೆ. ಚೆನ್ನಾಗಿತ್ತು. ಎಲ್ಲೂ ಎಳೆಯಲಿಲ್ಲ. ಅಷ್ಟರಲ್ಲಿ ದ್ರೌಪದಿ ಮೆಲ್ಲಗೆ ಪಕ್ಕಕ್ಕೆ ಬಂದು ಟೋಪನ್ ನೇರ ಮಾಡಿ, "ಕೈ ಮುಗಿದು ಒಳಗೆ ಹೋಗಿ ಸಾರ್, ಉಳಿದದ್ದು ನಾನು ನೋಡ್ಕೋತೀನಿ" ಅಂದರು.

ಬೆಳಿಗ್ಗೆ ಬಣ್ಣ ಒರೆಸಿಕೊಂಡು ತಾತನ ಹತ್ತಿರ ಹೋಗಿ ನಿಂತೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನ್ಯಾವ ಪಾರ್ಟ್ಲಾ ಮಾಡಿದ್ದೆ?" ಅಂತ ಕೇಳಿದರು.

ಮೈಸೂರಿಗೆ ಬಂದ ಮೇಲೆ ಹೆಂಡತಿ ಒಂದು ನೋಟ್‌ಬುಕ್ ತೆಗೆದು ಹಾರ ಹಾಕಿದವರ ಹೆಸರು ಬರೆಸಿಕೊಂಡಳು. ಹಾರ ಅಂದರೆ ಮುಯ್ಯಿ. ತೀರಿಸಲೇಬೇಕು. ಹನ್ನೊಂದು ಜನರಲ್ಲಿ ಒಂಬತ್ತು ಜನ ಅವರವರ ಊರಿನಲ್ಲಿ ಪಾರ್ಟು ಮಾಡುವವರೇ.

ಮೊನ್ನೆ ಮಾವ ಫೋನ್ ಮಾಡಿದ್ದರು. "ಅಳಿಮಯ್ಯಾ, ಈ ಸಲ ದುರ್ಯೋಧನ ನಾನೇ ತಕ್ಕಂಡಿವ್ನಿ. ಸುಗಂಧರಾಜ ಬ್ಯಾಡ ಕಣಪ್ಪ, ಬೇಗ ಬಾಡೋಯ್ತದೆ. ಸೇಬಿನ ಹಾರ ಹಾಕ್ಸು, ಕ್ರೇನಲ್ಲಿ."

ಕ್ರೇನ್ ಬಾಡಿಗೆ ಗಂಟೆ ಲೆಕ್ಕವಂತೆ. ಮಾವನಿಗೆ ಮೂರು ಸೀನು ಇದೆ.